ಕಡತದ ಮೊದಲ ಸಾಲು

(ವಿಶೇಷ ಶಿಕ್ಷಕರು, ಚಿಕಿತ್ಸಕರು ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಅಂದು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೌದ್ಧಿಕ ಅಸಾಮರ್ಥ್ಯ ಇರುವ ಒಬ್ಬರ ಆಸ್ಪತ್ರೆ ಚೀಟಿ ನಿಮ್ಮ ಕೈಗೆ ಸಿಕ್ಕರೆ ಒಮ್ಮೆ ಗಮನವಿಟ್ಟು ಓದಿ. ಹೊಟ್ಟೆನೋವೆಂದು ಬಂದಿರಲಿ, ಕಾಲು ಉಳುಕಿತೆಂದು ಬಂದಿರಲಿ, ಮೊದಲ ಸಾಲು ಬಹುಪಾಲು ಒಂದೇ ಬಗೆಯದಾಗಿರುತ್ತದೆ: ‘ಕೆ.ಸಿ.ಓ. ಎಂ.ಆರ್.’ ‘ನೋನ್ ಕೇಸ್ ಆಫ್ ಮೆಂಟಲ್ ರಿಟಾರ್ಡೇಷನ್’ ಎಂಬುದರ, ಅಂದರೆ ‘ಬುದ್ಧಿಮಾಂದ್ಯ ಇದೆಯೆಂದು ಮೊದಲೇ ಗೊತ್ತಿರುವ ರೋಗಿ’ ಎಂಬುದರ ಸಂಕ್ಷಿಪ್ತ ರೂಪ ಅದು. ‘ಮೆಂಟಲ್ ರಿಟಾರ್ಡೇಷನ್’ ಎಂಬ ಪದವನ್ನು ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಕೈಪಿಡಿ 2013ರಲ್ಲೇ ಕೈಬಿಟ್ಟಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಅದಿಲ್ಲ. ಆದರೂ ಚೀಟಿಯಲ್ಲಿ ಉಳಿದುಕೊಂಡಿದೆ, ಏಕೆಂದರೆ ಬೆರಳಿಗೆ ಅಭ್ಯಾಸವಾಗಿದೆ. ಪದ ಹಳೆಯದೆಂಬುದು ಇವತ್ತು ನನ್ನ ತಕರಾರಲ್ಲ. ಅದು ಕುಳಿತಿರುವ ಜಾಗದ ಬಗ್ಗೆ ನನಗೆ ತಕರಾರಿದೆ. ಮೊದಲ ಸಾಲಿನಲ್ಲೇ ಉತ್ತರ ಬರೆದಾದ ಮೇಲೆ ಕೆಳಗಿನ ಸಾಲುಗಳಲ್ಲಿ ಪ್ರಶ್ನೆ ಹುಟ್ಟುವುದು ಕಷ್ಟ.

ಇದನ್ನು ವೈದ್ಯರ ಮೇಲಿನ ದೂರೆಂದು ಯಾರೂ ಭಾವಿಸಬಾರದು ಎಂಬ ಕಾರಣಕ್ಕೆ ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದೆ ನಾನು ವಸತಿ ವಿಶೇಷ ಶಾಲೆಯೊಂದರಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿದ್ದ. ಮಾತು ಬರುತ್ತಿರಲಿಲ್ಲ, ‘ಅಮ್’ ಎಂಬ ಒಂದೇ ಸದ್ದನ್ನು ಊಟಕ್ಕೂ ನೀರಿಗೂ ತಾಯಿಗೂ ಬಳಸುತ್ತಿದ್ದ. ಆರನೆಯ ವಯಸ್ಸಿನಲ್ಲಿ ಅವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಹೀಗಾಗಿ ಕಡತದಲ್ಲಿ ‘ತೀವ್ರ ಬುದ್ಧಿಮಾಂದ್ಯ, ಸ್ವಹಿಂಸೆಯ ವರ್ತನೆ’ ಎಂದು ದಾಖಲಾಗಿತ್ತು. ಒಂದು ಮಳೆಗಾಲದಲ್ಲಿ ಅವನು ಮುಷ್ಟಿ ಕಟ್ಟಿ ತನ್ನ ಬಲಗೆನ್ನೆಗೆ ತಾನೇ ಗುದ್ದಿಕೊಳ್ಳತೊಡಗಿದ. ನಾನು ಕಲಿತ ವಿದ್ಯೆಯನ್ನು ಹೊರತೆಗೆದೆ. ವರ್ತನೆಗೆ ಮುಂಚೆ ಏನಾಯಿತು, ವರ್ತನೆ ಏನು, ಬಳಿಕ ಏನಾಯಿತು ಎಂಬ ಮೂರು ಕಾಲಂಗಳ ಚಾರ್ಟನ್ನು ಐದು ವಾರ ತುಂಬಿದೆ. ಊಟದ ಹೊತ್ತಿನಲ್ಲಿ ಗುದ್ದಾಟ ಹೆಚ್ಚು ಎಂದು ಕಂಡುಬಂತು. ತಟ್ಟೆ ತೊಳೆಯುವ ಸರದಿಯಿಂದ ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಾನೆ ಎಂದು ತೀರ್ಮಾನಿಸಿ, ಗುದ್ದಿಕೊಂಡಾಗ ಯಾರೂ ಅವನತ್ತ ನೋಡಕೂಡದು ಎಂಬ ಕಾರ್ಯಯೋಜನೆಯನ್ನು ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದೆ.

ಆರನೆಯ ವಾರ ಅಡುಗೆಮನೆಯ ಅಮ್ಮನೊಬ್ಬರು ನನ್ನನ್ನು ಕರೆದು ಹೇಳಿದರು: “ಮೇಷ್ಟ್ರೇ, ಈ ಹುಡ್ಗ ಒಂದು ತಿಂಗ್ಳಿಂದ ಮುದ್ದೆ ಆದ್ರೆ ನುಂಗ್ತಾನೆ, ಚಪಾತಿ ಮುಟ್ಟಲ್ಲ. ಬಾಯಿ ತೆಗ್ಸಿ ನೋಡಿ.” ಕೆಳದವಡೆಯ ಬಲಭಾಗದ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ಕಿತ್ತು, ಔಷಧ ಕೊಟ್ಟ ಮೇಲೆ ಗುದ್ದಿಕೊಳ್ಳುವುದು ನಿಂತಿತು. ಆಮೇಲೆ ನಾನು ಚಾರ್ಟನ್ನು ಮತ್ತೆ ತೆಗೆದು ಅಡುಗೆಮನೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ಗುದ್ದಾಟ ಹೆಚ್ಚಾಗಿದ್ದ ದಿನಗಳು ಚಪಾತಿಯ ದಿನಗಳಾಗಿದ್ದವು. ಮುದ್ದೆಯನ್ನು ಅಗಿಯಬೇಕಾಗಿಲ್ಲ ಎಂಬುದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಎರಡು ಪದವಿ ಪಡೆದಿದ್ದ ನನಗೂ ಗೊತ್ತಿತ್ತು. ನಾನು ಸಂಗ್ರಹಿಸಿದ ಮಾಹಿತಿಯಲ್ಲಿ ತಪ್ಪಿರಲಿಲ್ಲ. ನೋವಿನ ಸುಳಿವು ನನ್ನದೇ ಕೈಬರಹದಲ್ಲಿ ನನ್ನೆದುರಿಗಿತ್ತು. ‘ಸ್ವಹಿಂಸೆಯ ವರ್ತನೆ’ ಎಂಬ ಎರಡು ಪದಗಳು ಅದನ್ನು ಓದುವ ಬಗೆಯನ್ನು ಮೊದಲೇ ಗೊತ್ತುಮಾಡಿಬಿಟ್ಟಿದ್ದವು. ಅಡುಗೆಯ ಅಮ್ಮ ಕಡತವನ್ನು ಓದಿರಲಿಲ್ಲ.

ಈ ಬಗೆಯ ತಪ್ಪಿಗೆ ಶಾಸ್ತ್ರದಲ್ಲಿ ‘ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್’ ಎಂಬ ಹೆಸರಿದೆ. ಕನ್ನಡದಲ್ಲಿ ಹಣೆಪಟ್ಟಿಯ ನೆರಳು ಎನ್ನೋಣ. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿ ನೋಡಿದರು. ಬದುಕನ್ನೇ ಕಟ್ಟಿಹಾಕುವಂಥ ಭಯದಿಂದ ನರಳುವ ಒಬ್ಬ ವ್ಯಕ್ತಿಯ ವಿವರವನ್ನು ಮನಶ್ಶಾಸ್ತ್ರಜ್ಞರ ಬೇರೆ ಬೇರೆ ಗುಂಪುಗಳಿಗೆ ಕೊಟ್ಟು, ಒಂದು ಗುಂಪಿಗೆ ಮಾತ್ರ ಆ ವ್ಯಕ್ತಿಯ ಬುದ್ಧಿಮಟ್ಟ ಕಡಿಮೆ ಎಂಬ ಸೂಚನೆಯನ್ನು ಸೇರಿಸಿದರು. ಅದೇ ಭಯ ಆ ಗುಂಪಿನ ಕಣ್ಣಿಗೆ ಅಷ್ಟು ಗಂಭೀರವಾದ ಮಾನಸಿಕ ತೊಂದರೆಯಾಗಿ ಕಾಣಲಿಲ್ಲ. ಅವರ ಅನುಭವದಲ್ಲೋ ಕರುಣೆಯಲ್ಲೋ ಕೊರತೆಯಿತ್ತೆಂದು ಹೇಳಲಾಗದು; ಬದಲಾಗಿದ್ದು ಕಾಗದದ ಮೇಲಿನ ಒಂದು ವಿವರ ಮಾತ್ರ.

ಈ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ರೋಸೆನ್‌ಹಾನ್ 1973ರಲ್ಲಿ ಪ್ರಕಟಿಸಿದ, ಆರೋಗ್ಯವಂತರು ರೋಗಿಗಳಂತೆ ನಟಿಸಿ ಮನೋವೈದ್ಯಕೀಯ ಆಸ್ಪತ್ರೆಗಳಿಗೆ ದಾಖಲಾದ ಕಥೆಯನ್ನು ಹೇಳುತ್ತಾರೆ. ನಾನೂ ಬಹುಕಾಲ ಹೇಳುತ್ತಿದ್ದೆ. ಆ ಅಧ್ಯಯನದ ಪ್ರಾಮಾಣಿಕತೆಯ ಬಗ್ಗೆ 2019ರಲ್ಲಿ ಪತ್ರಕರ್ತೆಯೊಬ್ಬರು ಗಂಭೀರ ಅನುಮಾನಗಳನ್ನು ಎತ್ತಿದ ಮೇಲೆ ನಿಲ್ಲಿಸಿದ್ದೇನೆ. ಪೂರ್ವಗ್ರಹದ ಬಗ್ಗೆ ಮಾತನಾಡುವಾಗ ನಮಗೆ ಹಿಡಿಸಿದ ಕಥೆ ಎಂಬ ಕಾರಣಕ್ಕೆ ಅದನ್ನು ನಂಬಿಬಿಡುವುದು ಸರಿಯಲ್ಲವಷ್ಟೆ.

ಆಸ್ಪತ್ರೆಗಳಲ್ಲಿ ಈ ನೆರಳು ಏನು ಮಾಡಬಲ್ಲದು ಎಂಬುದನ್ನು ಇಂಗ್ಲೆಂಡ್‌ನವರು ನಮಗಿಂತ ಹೆಚ್ಚು ದಾಖಲಿಸಿದ್ದಾರೆ. ಅಲ್ಲಿ ಸಾವುಗಳು ಹೆಚ್ಚು ಎಂದಲ್ಲ. ಅವರು ಲೆಕ್ಕ ಇಟ್ಟರು. 2007ರಲ್ಲಿ ಮೆನ್‌ಕ್ಯಾಪ್ ಎಂಬ ಸಂಸ್ಥೆ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಆರೈಕೆಯಲ್ಲಿದ್ದಾಗ ಸತ್ತ, ಬೌದ್ಧಿಕ ಅಸಾಮರ್ಥ್ಯವಿದ್ದ ಆರು ಜನರ ವೃತ್ತಾಂತವನ್ನು ಪ್ರಕಟಿಸಿತು. ಅವರಲ್ಲೊಬ್ಬರು ಡೌನ್ ಸಿಂಡ್ರೋಮ್ ಇದ್ದ ನಲವತ್ತಮೂರು ವರ್ಷದ ವ್ಯಕ್ತಿ. ಪಾರ್ಶ್ವವಾಯು ಹೊಡೆದು ನುಂಗಲಾಗದ ಸ್ಥಿತಿಯಲ್ಲಿ ದಾಖಲಾದ ಅವರು ಆಸ್ಪತ್ರೆಯ ಹಾಸಿಗೆಯ ಮೇಲೆ 26 ದಿನ ಆಹಾರವಿಲ್ಲದೆ ಕಳೆದು ತೀರಿಕೊಂಡರು. ಬಳಿಕ ನೈರುತ್ಯ ಇಂಗ್ಲೆಂಡ್‌ನಲ್ಲಿ 247 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ಗೋಪ್ಯ ವಿಚಾರಣೆಯ ವರದಿ 2013ರಲ್ಲಿ ಹೊರಬಂತು. ಬೌದ್ಧಿಕ ಅಸಾಮರ್ಥ್ಯವಿರುವ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದರು. ಕಾಯಿಲೆಯನ್ನು ಗುರುತಿಸುವುದರಲ್ಲಿ ಮತ್ತು ಚಿಕಿತ್ಸೆ ಆರಂಭಿಸುವುದರಲ್ಲಿ ಆದ ವಿಳಂಬ ಆ ವರದಿಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಆಲಿವರ್ ಮೆಕ್‌ಗೊವನ್ ಎಂಬ ಹುಡುಗನ ಪ್ರಕರಣ ಇನ್ನೂ ಹತ್ತಿರದಿಂದ ನೋಡಬೇಕಾದದ್ದು. ಆಟಿಸಂ, ಅಪಸ್ಮಾರ, ಸೌಮ್ಯ ಮಟ್ಟದ ಸೆರೆಬ್ರಲ್ ಪಾಲ್ಸಿ ಮತ್ತು ಕಲಿಕೆಯ ತೊಡಕುಗಳಿದ್ದ ಹದಿನೆಂಟರ ಹುಡುಗ. 2016ರಲ್ಲಿ ಫಿಟ್ಸ್ ಬಂದು ಬ್ರಿಸ್ಟಲ್‌ನ ಆಸ್ಪತ್ರೆಗೆ ದಾಖಲಾದ. ಫಿಟ್ಸ್‌ನ ಹೊತ್ತಿನಲ್ಲಿ ಅವನು ಹೆದರುತ್ತಿದ್ದ, ಚಡಪಡಿಸುತ್ತಿದ್ದ. ಮನೋವಿಕಾರಕ್ಕೆ ಕೊಡುವ ಔಷಧಗಳು ತನಗೆ ಒಗ್ಗುವುದಿಲ್ಲವೆಂದು ಅವನೂ ಹೇಳಿದ್ದ, ತಂದೆತಾಯಿಯೂ ಹೇಳಿದ್ದರು. ಆದರೂ ಒಲಾಂಜಪಿನ್ ಕೊಡಲಾಯಿತು. ಆ ಗುಂಪಿನ ಔಷಧಗಳಿಂದ ವಿರಳವಾಗಿ ಉಂಟಾಗುವ, ಮೈ ಸುಡುವ ಜ್ವರ ಮತ್ತು ಸ್ನಾಯುಗಳ ಬಿಗಿತ ತರುವ ಮಾರಕ ಪ್ರತಿಕ್ರಿಯೆಗೆ ತುತ್ತಾಗಿ ಅವನು ನವೆಂಬರ್‌ನಲ್ಲಿ ಸತ್ತ. ಅವನ ತಾಯಿಯ ಹೋರಾಟದ ಫಲವಾಗಿ, 2022ರ ಕಾನೂನಿನ ಮೂಲಕ, ಅಲ್ಲಿನ ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಗೆ ಈ ವಿಷಯದಲ್ಲಿ ತರಬೇತಿ ಕಡ್ಡಾಯವಾಗಿದೆ. ತರಬೇತಿಗೆ ಅವನ ಹೆಸರೇ ಇದೆ. ಹೆದರಿಕೆಯನ್ನು ಹೆದರಿಕೆಯೆಂದೇ ನೋಡುವುದಕ್ಕೂ ಹಣೆಪಟ್ಟಿ ಅಡ್ಡ ಬರುತ್ತದೆ ಎಂಬುದಕ್ಕಾಗಿ ಇದನ್ನು ಹೇಳಿದೆ.

ಈಗ ನಮ್ಮ ಊರಿಗೆ ಬರೋಣ. ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ನಮ್ಮ ಕೈಯಲ್ಲಿರುವ ಅಳತೆಗೋಲಿಗೆ ಧಾರವಾಡದ ನಂಟಿದೆ. ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ 1905ರಲ್ಲಿ ಥಿಯೋಡರ್ ಸಿಮೋನ್ ಜೊತೆ ಬುದ್ಧಿ ಪರೀಕ್ಷೆಯನ್ನು ರಚಿಸಿದ್ದು ಶಾಲೆಯಲ್ಲಿ ಹಿಂದುಳಿದ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ಸಹಾಯ ಬೇಕೆಂದು ತಿಳಿಯುವುದಕ್ಕೆ. ಬುದ್ಧಿಯೆಂಬುದು ಹೆಚ್ಚಿಸಲಾಗದ ನಿಗದಿತ ಮೊತ್ತ ಎಂಬ ವಾದವನ್ನು ಅವರು 1909ರಲ್ಲಿ ಕಟುವಾಗಿ ವಿರೋಧಿಸಿದರು, 1911ರಲ್ಲಿ ತೀರಿಕೊಂಡರು. ಐಕ್ಯೂ ಎಂಬ ಭಾಗಾಕಾರದ ಲೆಕ್ಕವನ್ನು ವಿಲಿಯಂ ಸ್ಟರ್ನ್ ಮುಂದಿಟ್ಟದ್ದು 1912ರಲ್ಲಿ, ಅಂದರೆ ಬಿನೆ ಇಲ್ಲವಾದ ಮೇಲೆ. ಅಷ್ಟರಲ್ಲಿ ಅಮೆರಿಕದ ವೈನ್‌ಲ್ಯಾಂಡ್‌ನ ತರಬೇತಿ ಶಾಲೆಯಲ್ಲಿದ್ದ ಹೆನ್ರಿ ಗೊಡ್ಡಾರ್ಡ್ ಅದೇ ಪರೀಕ್ಷೆಯನ್ನು ಒಯ್ದು, ಸಮಾಜದಿಂದ ಯಾರನ್ನು ಬೇರ್ಪಡಿಸಬೇಕೆಂದು ವಿಂಗಡಿಸುವುದಕ್ಕೆ ಬಳಸಿದ. ‘ಮೋರಾನ್’ ಎಂಬ ಬೈಗುಳ ಅವನು 1910ರಲ್ಲಿ ವೈಜ್ಞಾನಿಕ ಪದವೆಂದೇ ಠಂಕಿಸಿದ್ದು. ನಮ್ಮಲ್ಲಿ, ಧಾರವಾಡದಲ್ಲಿ, ವಿ. ವಿ. ಕಾಮತರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯನ್ನು ಇವತ್ತಿಗೂ ದೇಶದಾದ್ಯಂತ ಬಳಸುತ್ತಾರೆ. ಕನ್ನಡದ ಮಕ್ಕಳನ್ನು ಕನ್ನಡದಲ್ಲೇ ಪ್ರಶ್ನೆ ಕೇಳಿ ಅಳೆಯಬೇಕೆಂಬ ಆ ಕಾಳಜಿ ದೊಡ್ಡದು. ಆದರೆ ಅಳತೆಯಿಂದ ಬಂದ ಅಂಕಿಯನ್ನು ಬಿನೆಯ ಹಾಗೆ ಓದುವುದೋ ಗೊಡ್ಡಾರ್ಡ್‌ನ ಹಾಗೆ ಓದುವುದೋ ಎಂಬ ಆಯ್ಕೆ ಪರೀಕ್ಷೆಯ ಪೆಟ್ಟಿಗೆಯೊಳಗೆ ಬರುವುದಿಲ್ಲ.

ನಾನು ತರಬೇತಿ ಪಡೆದ ಕಾಲಕ್ಕೆ ನಮಗೆ ಕಲಿಸಿದ್ದು ಮೂರು ಪದ: ಎಜುಕೇಬಲ್, ಟ್ರೇನಬಲ್, ಕಸ್ಟೋಡಿಯಲ್. ಓದು ಕಲಿಸಬಹುದಾದವರು, ಕೆಲಸ ರೂಢಿ ಮಾಡಿಸಬಹುದಾದವರು, ಬರೀ ನೋಡಿಕೊಳ್ಳಬೇಕಾದವರು. ಕೇಳಿದರೆ ಮಕ್ಕಳ ವರ್ಣನೆ ಎನಿಸುತ್ತದೆ, ನಿಜವಾಗಿ ಅದು ಶಿಕ್ಷಕನ ವೇಳಾಪಟ್ಟಿ. ‘ಟ್ರೇನಬಲ್’ ಗುಂಪಿನ ಮಗುವಿಗೆ ಅಕ್ಷರ ಕಲಿಸುವುದಿಲ್ಲ. ಕಲಿಸದ ಕಾರಣ ಬರುವುದಿಲ್ಲ. ಬರದ ಕಾರಣ ಹಣೆಪಟ್ಟಿ ಸರಿಯೆಂದು ಸಾಬೀತಾಗುತ್ತದೆ. ಹಾಲಿನ ಡೇರಿ ಇರುವ ಹಳ್ಳಿಯೊಂದರಲ್ಲಿ ‘ಮಧ್ಯಮ’ ಎಂಬ ಮಟ್ಟದ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ಅವಳ ಮೌಲ್ಯಮಾಪನದ ನಮೂನೆಯಲ್ಲಿ ‘ಓದು’ ಎಂಬುದರ ಮುಂದೆ ‘ಅನ್ವಯಿಸುವುದಿಲ್ಲ’ ಎಂದು ಬರೆದಿತ್ತು. ‘ಬರುವುದಿಲ್ಲ’ ಎಂದು ಕೂಡ ಅಲ್ಲ, ನೋಡಿ. ಸಂಜೆ ಅವಳ ಹಿಂದೆ ಡೇರಿಗೆ ಹೋದೆ. ಹಾಲು ಅಳೆದ ಮೇಲೆ ಮೇಜಿನ ಮೇಲೆ ರಾಶಿ ಬಿದ್ದಿದ್ದ ಪಾಸ್‌ಪುಸ್ತಕಗಳಲ್ಲಿ, ಎಲ್ಲವೂ ಒಂದೇ ಬಣ್ಣ ಒಂದೇ ಗಾತ್ರ, ತಮ್ಮ ಮನೆಯದನ್ನೂ ಪಕ್ಕದ ಮನೆಯ ಅಜ್ಜಿಯದನ್ನೂ ಆರಿಸಿ ತೆಗೆದಳು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಅದನ್ನು ಓದು ಎನ್ನಬೇಕೇ, ಗುರುತು ಎನ್ನಬೇಕೇ ಎಂದು ವಾದಿಸಬಹುದು. ಆದರೆ ವಾದಿಸುವುದಕ್ಕೆ ಮೊದಲು ಯಾರಾದರೂ ನೋಡಬೇಕಿತ್ತು.

ಸಾಮಾಜಿಕ ಪ್ರೌಢಿಮೆಯ ವೈನ್‌ಲ್ಯಾಂಡ್ ಮಾಪನವೂ ಅದೇ ವೈನ್‌ಲ್ಯಾಂಡ್ ಶಾಲೆಯಿಂದ ಬಂದದ್ದು. ಎಡ್ಗರ್ ಡಾಲ್ ರಚಿಸಿದ್ದನ್ನು ನಾಗಪುರದಲ್ಲಿದ್ದ ಮಾಲಿನ್ ಭಾರತಕ್ಕೆ ಹೊಂದಿಸಿದರು. ಅದರಲ್ಲಿ 89 ಅಂಶಗಳು. ನಾವು ಮಗುವನ್ನು ಪರೀಕ್ಷಿಸುವುದಿಲ್ಲ, ಮಗುವನ್ನು ಬಲ್ಲವರನ್ನು, ಸಾಮಾನ್ಯವಾಗಿ ತಾಯಿಯನ್ನು ಕೇಳುತ್ತೇವೆ: ಚಿಕ್ಕಪುಟ್ಟ ಸಾಮಾನು ಕೊಂಡು ತರುತ್ತಾಳೆಯೇ, ಓಣಿಯಲ್ಲಿ ಒಬ್ಬಳೇ ಓಡಾಡುತ್ತಾಳೆಯೇ? ‘ಇಲ್ಲ’ ಎನ್ನುತ್ತಾಳೆ ತಾಯಿ. ಅವಳಿಗೆ ಬರುವುದಿಲ್ಲವೋ, ಮನೆಯವರು ಬಿಡುವುದಿಲ್ಲವೋ? ಹದಿಹರೆಯದ, ಮಾತು ತೊದಲುವ ಹೆಣ್ಣುಮಗಳನ್ನು ಅಂಗಡಿಗೆ ಒಬ್ಬಳನ್ನೇ ಕಳಿಸುವ ಮನೆಗಳು ಎಷ್ಟಿವೆ ಹೇಳಿ. ಅಂಕ ಮಾತ್ರ ಅವಳ ಲೆಕ್ಕದಲ್ಲೇ ಕಳೆಯುತ್ತದೆ.

ಈ ಅಂಕ ಮುಂದೆ ಶೇಕಡಾವಾರು ಆಗುತ್ತದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ಏರಿಸಿತು, ಸೌಲಭ್ಯಗಳಿಗೆ ಶೇ 40ರ ಗಡಿಯನ್ನು ಇಟ್ಟಿತು. ಬೌದ್ಧಿಕ ಅಸಾಮರ್ಥ್ಯದಲ್ಲಿ ಶೇಕಡಾವಾರು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. 2018ರ ಮಾರ್ಗಸೂಚಿಯ ಪ್ರಕಾರ ಗಡಿರೇಖೆಯಲ್ಲಿರುವವರಿಗೆ 25, ಸೌಮ್ಯಕ್ಕೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿತೀವ್ರಕ್ಕೆ 100. ಅಂದರೆ 25ಕ್ಕೂ 50ಕ್ಕೂ ನಡುವೆ ಏನೂ ಇಲ್ಲ, ಮತ್ತು ಮಾಸಾಶನ, ಬಸ್ ಪಾಸು ಎಲ್ಲವೂ ಆ ಕಂದಕದ ಆಚೆ ದಡದಲ್ಲಿವೆ.

ಇಲ್ಲಿ ಕುಳಿತಿರುವ ನಿಮಗೆಲ್ಲ ಗೊತ್ತಿದ್ದರೂ ಯಾರೂ ವೇದಿಕೆಯ ಮೇಲೆ ಹೇಳದ ಒಂದು ಮಾತನ್ನು ಹೇಳುತ್ತೇನೆ. ಗಡಿರೇಖೆಯ ಮಗುವೊಂದು ಎದುರಿಗೆ ಕುಳಿತಿರುವಾಗ, ಪಕ್ಕದಲ್ಲಿ ಕೂಲಿ ಬಿಟ್ಟು ಬಂದ ತಾಯಿ ಸೆರಗಿನ ತುದಿಯಲ್ಲಿ ಬಸ್ಸಿನ ಚಿಲ್ಲರೆ ಗಂಟು ಹಾಕಿಕೊಂಡಿರುವಾಗ, ಅನುಮಾನ ಬಂದ ಎರಡು ಅಂಶಗಳನ್ನು ‘ಇಲ್ಲ’ ಎಂಬ ಕಡೆಗೇ ವಾಲಿಸುವುದುಂಟು. ನಾನೂ ವಾಲಿಸಿದ್ದೇನೆ. ಅದು ದಯೆಯೇ. ಆದರೆ ಒಂದು ಕೌಂಟರಿನಲ್ಲಿ ದಯೆಯಿಂದ ಬರೆದ ಕಾಗದವನ್ನು ಇನ್ನೊಂದು ಕೌಂಟರಿನಲ್ಲಿ ಸತ್ಯವೆಂದು ಓದುತ್ತಾರೆ. ಮಾಸಾಶನಕ್ಕೆಂದು ಮಾಡಿದ ಪ್ರಮಾಣಪತ್ರದ ಜೆರಾಕ್ಸ್ ಪ್ರತಿ ಶಾಲೆಯ ಕಡತ ಸೇರುತ್ತದೆ, ಆಸ್ಪತ್ರೆಯ ಚೀಟಿಯ ಮೊದಲ ಸಾಲಾಗುತ್ತದೆ, ಮದುವೆಯ ಮಾತುಕತೆಯಲ್ಲಿ ಹೊರಬರುತ್ತದೆ. ನಾವು ವಾಲಿಸಿದ ಆ ಎರಡು ಅಂಶಗಳ ನೆನಪು ಯಾರಿಗೂ ಇರುವುದಿಲ್ಲ, ನಮಗೂ ಇರುವುದಿಲ್ಲ.

ಹಾಗೆಂದು ಹಣೆಪಟ್ಟಿಯನ್ನೇ ಕಿತ್ತುಹಾಕೋಣ ಎನ್ನುವವರ ಜೊತೆ ನಾನಿಲ್ಲ. ಹಣೆಪಟ್ಟಿಯ ಹೆಸರು ಇರಲಿ, ಆದರೆ ಚೀಟಿಯ ಮೊದಲ ಸಾಲಿನಲ್ಲಲ್ಲ, ಕೊನೆಯ ಸಾಲಿನಲ್ಲಿರಲಿ ಎನ್ನುತ್ತೇನೆ. ನಗರದ ಇಂಗ್ಲಿಷ್ ಕಲಿತ ಪೋಷಕರ ನಡುವೆ ‘ಲೇಬಲ್ ಬೇಡ’ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಖಾಸಗಿ ಥೆರಪಿಗೆ ದುಡ್ಡು ಕೊಡಬಲ್ಲವರಿಗೆ ಅದು ಸಲ್ಲುತ್ತದೆ, ವಿಕಲಚೇತನರ ಗುರುತಿನ ಕಾರ್ಡಿಲ್ಲದೆ ಮಾಸಾಶನ ಸಿಗದವರಿಗೆ ಸಲ್ಲುವುದಿಲ್ಲ. ಅಲ್ಲದೆ ಸರಿಯಾದ ಹೆಸರು ಹುಡುಕಾಟವನ್ನು ಆರಂಭಿಸಲೂಬಲ್ಲದು. ಡೌನ್ ಸಿಂಡ್ರೋಮ್ ಎಂದು ತಿಳಿದರೆ ಹೃದಯ ಪರೀಕ್ಷಿಸಬೇಕು, ಏಕೆಂದರೆ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ, ಕಿವಿ ನೋಡಬೇಕು, ಥೈರಾಯ್ಡ್ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ಇಪ್ಪತ್ತಾರರ ಯುವತಿ ಇತ್ತೀಚೆಗೆ ಮಂಕಾಗಿದ್ದಾಳೆ, ದಪ್ಪಗಾಗಿದ್ದಾಳೆ, ಹೆಚ್ಚು ಮಲಗುತ್ತಾಳೆ ಎಂದಾಗ ‘ಡೌನ್ ಮಕ್ಕಳು ಹಾಗೇ’ ಎನ್ನುವುದೂ ಅದೇ ಹೆಸರಿನ ಬಳಕೆ, ‘ಹಾಗಾದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಮಾಡಿಸಿ’ ಎನ್ನುವುದೂ ಅದೇ ಹೆಸರಿನ ಬಳಕೆ. ನವಜಾತ ಶಿಶುವಿನ ಕಾಮಾಲೆ ವಿಪರೀತಕ್ಕೇರಿ ಬಂದ ಸೆರೆಬ್ರಲ್ ಪಾಲ್ಸಿಯಲ್ಲಿ ಕೈಕಾಲು ಮುಖ ತಿರುಚಿಕೊಳ್ಳುತ್ತವೆ, ಕಿವಿ ಮಂದವಾಗುತ್ತದೆ, ಬುದ್ಧಿ ಬಹಳ ಸಲ ಚೆನ್ನಾಗಿಯೇ ಉಳಿದಿರುತ್ತದೆ. ಇದನ್ನು ಬಲ್ಲವನು ಜೊಲ್ಲು ಸುರಿಸುವ ಆ ಮಗುವಿಗೆ ಶ್ರವಣ ಪರೀಕ್ಷೆ ಬರೆಯುತ್ತಾನೆ. ತಿಳಿಯದವನು ಬುದ್ಧಿಮಾಂದ್ಯ ಎಂದು ಬರೆಯುತ್ತಾನೆ.

ಹೊಸ ಹೆಸರುಗಳ ಬಗೆಗೂ ಒಂದು ಮಾತು. ‘ವರ್ಚುವಲ್ ಆಟಿಸಂ’ (ಮೊಬೈಲ್ ಪರದೆ ಹೆಚ್ಚು ನೋಡಿದ್ದರಿಂದ ಬಂತೆನ್ನುವ ಆಟಿಸಂ) ಎಂಬುದು ಡಿಎಸ್‌ಎಂನಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾದ ಐಸಿಡಿಯಲ್ಲೂ ಇಲ್ಲ. ಆದರೂ ಎರಡೂವರೆ ವರ್ಷದ ಮಗು ಕರೆದರೆ ತಿರುಗುವುದಿಲ್ಲವೆಂದಾಗ ‘ಮೊಬೈಲ್ ಕೊಟ್ಟಿದ್ದೀರಾ?’ ಎಂಬ ಒಂದೇ ಪ್ರಶ್ನೆ ಕೇಳಿ ಅದನ್ನು ಅಂಟಿಸುವವರಿದ್ದಾರೆ. ಕಿವಿಯ ಪರೀಕ್ಷೆ ಆಗುವುದಿಲ್ಲ, ತಪ್ಪೆಲ್ಲ ತಾಯಿಯ ತಲೆಗೆ ಬರುತ್ತದೆ.

ಉಪನ್ಯಾಸದ ಕೊನೆಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. “ಸರ್, ಹೆಸರನ್ನು ಕೊನೆಯ ಸಾಲಿಗೆ ಹಾಕಿ ಅಂತೀರಿ. ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಡಾಕ್ಟರಿಗೆ ಸಿಗುವುದು ಎರಡು ನಿಮಿಷ. ಕೊನೆಯ ಸಾಲಿನ ತನಕ ಅವರು ಓದುತ್ತಾರಾ?” ಪ್ರಶ್ನೆ ನ್ಯಾಯವಾದದ್ದು. ಎರಡು ನಿಮಿಷದಲ್ಲಿ ಮನುಷ್ಯನ ತಲೆ ಅಡ್ಡದಾರಿ ಹಿಡಿಯುತ್ತದೆ, ಹಣೆಪಟ್ಟಿಯಷ್ಟು ಹತ್ತಿರದ ಅಡ್ಡದಾರಿ ಬೇರೊಂದಿಲ್ಲ. ಇಂಗ್ಲೆಂಡ್‌ನಲ್ಲಿ ‘ಹಾಸ್ಪಿಟಲ್ ಪಾಸ್‌ಪೋರ್ಟ್’ ಎಂಬ ಹಾಳೆಯನ್ನು ರೋಗಿಯ ಜೊತೆಗೇ ಕಳಿಸುತ್ತಾರೆ. ಅದನ್ನು ನೋಡಿ ನಾವು ಕೆಲವು ಮನೆಗಳಿಗೆ ಕನ್ನಡದಲ್ಲಿ ಒಂದು ಪುಟದ ಹಾಳೆ ಮಾಡಿಕೊಟ್ಟಿದ್ದೇವೆ. ಅದರ ಮೊದಲ ಪ್ರಶ್ನೆ: ‘ಆರೋಗ್ಯವಾಗಿದ್ದಾಗ ಇವರು ಹೇಗಿರುತ್ತಾರೆ?’ ಎರಡನೆಯದು: ‘ನೋವಾದರೆ ಹೇಗೆ ಗೊತ್ತಾಗುತ್ತದೆ?’ ಮಟ್ಟ, ಶೇಕಡಾವಾರು, ಕಾರ್ಡಿನ ಸಂಖ್ಯೆಗಳಿಗೆ ತಳದಲ್ಲಿ ಒಂದು ಸಾಲು.

ಅಂದು ಅವರಿಗೆ ತೋರಿಸಿದ ಹಾಳೆ ಒಬ್ಬ ತಾಯಿ ತನ್ನ ಇಪ್ಪತ್ತೆರಡು ವರ್ಷದ ಮಗನ ಬಗ್ಗೆ ಬರೆಸಿದ್ದು. ‘ಬೆಳಿಗ್ಗೆ ಎದ್ದ ಕೂಡಲೆ ಕರು ಹತ್ರ ಹೋಗ್ತಾನೆ. ನೋವಾದರೆ ಅಳೋದಿಲ್ಲ. ಕರು ಹತ್ರ ಹೋಗಲ್ಲ, ಬಾಗ್ಲ ಸಂದೀಲಿ ಕೂತ್ಕೊತಾನೆ, ಅನ್ನಕ್ಕೆ ಬರೀ ಮಜ್ಜಿಗೆ ಕೇಳ್ತಾನೆ. ಹಂಗೆ ಮಾಡಿದ್ರೆ ಹೊಟ್ಟೆ ಮುಟ್ಟಿ ನೋಡಿ.’ ಕಳೆದ ಸಲ ಅವನಿಗೆ ಐದು ದಿನದಿಂದ ಮಲಬದ್ಧತೆಯಾಗಿ ಹೊಟ್ಟೆ ಕಲ್ಲಾಗಿತ್ತು. ಹೊಸದಾಗಿ ಬಂದಿದ್ದ ಯುವ ವೈದ್ಯೆ ಹಾಳೆಯನ್ನು ಅರ್ಧ ಓದಿ, ಪೆನ್ನು ಕೆಳಗಿಟ್ಟು, ಮೊದಲು ಅವನನ್ನು ಮಂಚದ ಮೇಲೆ ಮಲಗಿಸಿದರಂತೆ. ಕೊನೆಯ ಸಾಲಿನ ತನಕ ಅವರು ಓದಲಿಲ್ಲ ಎಂದು ತಾಯಿ ಸ್ವಲ್ಪ ಬೇಸರದಿಂದಲೇ ಹೇಳಿದರು; ಕಾರ್ಡಿನ ನಂಬರು ಅಲ್ಲಿತ್ತಲ್ಲ.